ನೆಲದ ಮೇಲಿನ ನಕ್ಷತ್ರಗಳನ್ನು ಹಾಡಿದಾಕೆ

2002ರ ಡಿಸೆಂಬರ್ 31ರ ರಾತ್ರಿ. ಜಪಾನಿನ ಮನೆಮನೆಗಳಲ್ಲಿ ಅಜ್ಜ-ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಟಿ.ವಿ. ಮುಂದೆ ಕೂತಿದ್ದರು. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1951ರಿಂದ ನಡೆಸಿಕೊಂಡು ಬಂದಿರುವ ‘ಕೋಹಕು’ ಹಾಡಿನ ಸ್ಪರ್ಧೆಯನ್ನು ನೋಡದೆ ಅಲ್ಲಿ ವರ್ಷ ಮುಗಿಯುವುದಿಲ್ಲ. ಗಾಯಕಿಯರದು ಕೆಂಪು ತಂಡ, ಗಾಯಕರದು ಬಿಳಿ ತಂಡ. ಟೋಕಿಯೊದ ಸಭಾಂಗಣದಲ್ಲಿ ಝಗಮಗಿಸುವ ದೀಪ, ರೇಷ್ಮೆ ಕಿಮೊನೊ, ಚಪ್ಪಾಳೆ. ನಡುವೆ ದೃಶ್ಯ ಇದ್ದಕ್ಕಿದ್ದಂತೆ ಬದಲಾಯಿತು. ತೆರೆಯ ಮೇಲೆ ಮೂಡಿದ್ದು ವೇದಿಕೆಯಲ್ಲ, ಒಂದು ಸುರಂಗ. ಹಿಮ ಮುಚ್ಚಿದ ಪರ್ವತದ ಹೊಟ್ಟೆಯೊಳಗೆ, ಕುರೊಬೆ ನದಿಯ ಭೂಗತ ವಿದ್ಯುತ್ ಸ್ಥಾವರದ ಬಳಿ, ಕೊರೆಯುವ ಚಳಿಯಲ್ಲಿ 50 ವರ್ಷದ ಹೆಂಗಸೊಬ್ಬಳು ನಿಂತು ಹಾಡತೊಡಗಿದಳು. ಎರಡನೆಯ ಚರಣದಲ್ಲಿ ತಾನೇ ಬರೆದ ಸಾಹಿತ್ಯವನ್ನು ತಪ್ಪಿದಳು. ಆದರೂ ನಿಲ್ಲಿಸಲಿಲ್ಲ.

ಆಕೆಯ ಹೆಸರು ಮಿಯುಕಿ ನಕಾಜಿಮಾ. ಹಾಡು ‘ಚಿಜೋ ನೊ ಹೋಶಿ’, ಎಂದರೆ ‘ನೆಲದ ಮೇಲಿನ ನಕ್ಷತ್ರಗಳು’. 2000ದ ಜುಲೈನಲ್ಲಿ ಹೊರಬಂದಿದ್ದ ಈ ಧ್ವನಿಮುದ್ರಿಕೆ ಆ ರಾತ್ರಿಯ ನಂತರ, 2003ರ ಜನವರಿಯಲ್ಲಿ ಜಪಾನಿನ ಮಾರಾಟ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಪಟ್ಟಿಗೆ ಸೇರಿ ಆಗ 130 ವಾರಗಳಾಗಿದ್ದವು! ಮೊದಲ ವಾರ ಶಿಖರಕ್ಕೇರಿ ತಿಂಗಳಲ್ಲಿ ಮಾಯವಾಗುವುದು ಪಾಪ್ ಹಾಡುಗಳ ಜಾಯಮಾನ. ಎರಡೂವರೆ ವರ್ಷ ಹತ್ತಿ ತುದಿ ಮುಟ್ಟಿದ ಹಾಡು ಜಪಾನಿಗೂ ಸೋಜಿಗವೇ ಆಗಿತ್ತು. ಮೊದಲ ನೂರು ಹಾಡುಗಳ ನಡುವೆ ಅದು ಸತತ 174 ವಾರ ಇತ್ತು.

ಹಾಗಾದರೆ ಈಕೆ ಯಾರು? ಈ ಹಾಡಿನಲ್ಲಿ ಅಂಥದ್ದೇನಿತ್ತು?

ತಾನೇ ಬರೆದು, ತಾನೇ ರಾಗ ಕೂಡಿಸಿ, ತಾನೇ ಹಾಡುವವರಿಗೆ ನಮ್ಮಲ್ಲಿ ‘ವಾಗ್ಗೇಯಕಾರ’ ಎಂಬ ಸೊಗಸಾದ ಹೆಸರಿದೆ. ಪುರಂದರದಾಸರನ್ನು ಬಲ್ಲ ನಮಗೆ ಈ ಕಲ್ಪನೆ ಹೊಸದಲ್ಲ. ಯುದ್ಧಾನಂತರದ ಜಪಾನಿನ ಜನಪ್ರಿಯ ಸಂಗೀತದಲ್ಲಿ ಮಾತ್ರ ಇಂಥವರಿಗೆ ಜಾಗವಿರಲಿಲ್ಲ. ಅಲ್ಲಿ ಹಾಡು ಎಂಬುದು ಕಾರ್ಖಾನೆಯ ಸರಕು. ದೊಡ್ಡ ರೆಕಾರ್ಡ್ ಕಂಪೆನಿಗಳು ಗೀತರಚನೆಕಾರರನ್ನೂ ಸಂಗೀತ ಸಂಯೋಜಕರನ್ನೂ ಕರಾರು ಮಾಡಿಸಿಕೊಂಡು ತಮ್ಮ ಬಳಿಯೇ ಇಟ್ಟುಕೊಳ್ಳುತ್ತಿದ್ದವು. ಒಬ್ಬರು ಪದ, ಇನ್ನೊಬ್ಬರು ರಾಗ, ಮತ್ತೊಬ್ಬರು ವಾದ್ಯಮೇಳ. ಕಡೆಗೆ ಗಾಯಕಿ ಬಂದು ಹೇಳಿಕೊಟ್ಟಂತೆ ಹಾಡಿ ಹೋಗಬೇಕು.

1960ರ ದಶಕದ ಕೊನೆಗೆ ಈ ಕಟ್ಟು ಸಡಿಲವಾಯಿತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತಿದ್ದ ವಿದ್ಯಾರ್ಥಿಗಳು ಗಿಟಾರ್ ಹಿಡಿದು ಬೀದಿಗಿಳಿದರು. 1969ರಲ್ಲಿ ಟೋಕಿಯೊದ ಶಿಂಜುಕು ರೈಲು ನಿಲ್ದಾಣದ ಪಶ್ಚಿಮ ದ್ವಾರದಲ್ಲಿ ಶನಿವಾರ ಸಂಜೆ ಸೇರಿ ಹಾಡುತ್ತಿದ್ದವರನ್ನು ಪೊಲೀಸರು ಚದುರಿಸಬೇಕಾಯಿತು. ಚಳವಳಿ ತಣ್ಣಗಾದರೂ ಗಿಟಾರ್ ಉಳಿಯಿತು. ಯೋಶಿದಾ ತಾಕುರೊ ಅಂಥ ಯುವಕರು ತಮ್ಮ ಹಾಡನ್ನು ತಾವೇ ಬರೆದು ಹಾಡಿ ಸಾವಿರಾರು ಪ್ರತಿ ಮಾರಿ ತೋರಿಸಿದರು. ಅವರ ಬೆನ್ನಿಗೇ ಹೆಣ್ಣುಮಕ್ಕಳೂ ಬಂದರು. 1972ರಲ್ಲಿ ಇತ್ಸುವಾ ಮಾಯುಮಿ, ಅದೇ ವರ್ಷ ಅರಾಯ್ ಯುಮಿ. ಈ ಯುಮಿ ಹಚಿಯೋಜಿಯ ಕಿಮೊನೊ ಬಟ್ಟೆ ವ್ಯಾಪಾರಿಯ ಮಗಳು. ಪಿಯಾನೊ ಮೇಲೆ ಬೆರಳಾಡಿಸುತ್ತ ನಗರದ ಬದುಕಿನ ತಿಳಿಬಣ್ಣಗಳನ್ನು ಹಾಡಿ ‘ಯುಮಿಂಗ್’ ಎಂದೇ ಹೆಸರಾದಳು. ಮುಂದಿನ ದಶಕಗಳಲ್ಲಿ ವಿಮರ್ಶಕರು ಯುಮಿಂಗ್‌ಳನ್ನು ಬಿಸಿಲಿಗೂ ನಕಾಜಿಮಾಳನ್ನು ಬೆಳದಿಂಗಳಿಗೂ ಹೋಲಿಸಿ ಪುಟಗಟ್ಟಲೆ ಬರೆದರು. ಹೋಲಿಕೆ ಸವೆದು ಹೋಗಿದೆ ನಿಜ, ಆದರೆ ಪೂರಾ ಸುಳ್ಳೂ ಅಲ್ಲ.

ಹಿಮದ ನಾಡಿನಿಂದ

ನಕಾಜಿಮಾ ಹುಟ್ಟಿದ್ದು 1952ರ ಫೆಬ್ರುವರಿ 23ರಂದು, ಜಪಾನಿನ ಉತ್ತರ ತುದಿಯ ಹೊಕ್ಕೈಡೊ ದ್ವೀಪದ ಸಪ್ಪೊರೊದಲ್ಲಿ. ‘ಮಿಯುಕಿ’ ಎಂದರೆ ಚೆಲುವಾದ ಹಿಮ. ತಂದೆ ಹೆರಿಗೆ ವೈದ್ಯ. ಬಾಲ್ಯ ಕಳೆದದ್ದು ಇವನಾಯ್ ಎಂಬ ಮೀನುಗಾರಿಕೆಯ ಬಂದರು ಊರಿನಲ್ಲಿ, ನಂತರ ಒಬಿಹಿರೊದಲ್ಲಿ. ರಾಜಧಾನಿ ಟೋಕಿಯೊ ಅಲ್ಲಿಂದ ಕಡಲಾಚೆ. ಪ್ರೌಢಶಾಲೆಯ ಕೊನೆಯ ವರ್ಷದ ವಾರ್ಷಿಕೋತ್ಸವದಲ್ಲಿ ಸ್ವಂತ ಹಾಡೊಂದನ್ನು ಹಾಡಿದ ಹುಡುಗಿ, ಸಪ್ಪೊರೊದ ಫುಜಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದಿದಳು.

1972ರಲ್ಲಿ, ಇನ್ನೂ ವಿದ್ಯಾರ್ಥಿನಿಯಾಗಿದ್ದಾಗಲೇ, ರಾಷ್ಟ್ರಮಟ್ಟದ ಜಾನಪದ ಶೈಲಿಯ ಗೀತಸ್ಪರ್ಧೆಯಲ್ಲಿ ಬಹುಮಾನ ಗೆದ್ದಳು. ಬೇರೆಯವರಾಗಿದ್ದರೆ ಅಲ್ಲಿಂದ ನೇರ ರೆಕಾರ್ಡ್ ಕಂಪೆನಿಯ ಬಾಗಿಲಿಗೆ ಹೋಗುತ್ತಿದ್ದರು. ಆದರೆ ಆ ಸ್ಪರ್ಧೆಯಲ್ಲಿ ರಾಗ ಹಾಕಲೆಂದು ಕೊಟ್ಟಿದ್ದು ದೊಡ್ಡ ಕವಿ ತನಿಕಾವಾ ಶುಂತಾರೊ ಅವರ ಕವಿತೆ. ತಾನು ಏಕೆ ಹಾಡುತ್ತೇನೆ ಎಂಬುದೇ ಅದರ ವಸ್ತು. ಅದನ್ನು ಓದಿದ ಹುಡುಗಿಗೆ ಪೆಟ್ಟು ಬಿದ್ದಂತಾಯಿತು. ತನಗೆ ಅಂಥ ಕಾರಣವಿದೆಯೇ? ಉತ್ತರ ಹೊಳೆಯಲಿಲ್ಲ. ಬಂದ ಅವಕಾಶವನ್ನು ಬಿಟ್ಟು ಊರಿಗೆ ಮರಳಿದಳು. ನಕಾಜಿಮಾ ಬಗ್ಗೆ ಬರೆಯುವವರೆಲ್ಲ ಹೇಳುವ ಪ್ರಸಂಗ ಇದು. ಇಪ್ಪತ್ತರ ವಯಸ್ಸಿನಲ್ಲಿ ಹೀಗೆ ಹಿಂದೆ ಸರಿಯುವುದು ಸುಲಭವಲ್ಲ.

ಮತ್ತೆ ಕಣಕ್ಕಿಳಿದದ್ದು 1975ರಲ್ಲಿ, ಯಮಹಾ ನಡೆಸುತ್ತಿದ್ದ ‘ಪಾಪ್‌ಕಾನ್’ ಸ್ಪರ್ಧೆಯಲ್ಲಿ. ನಮ್ಮಲ್ಲಿ ಆರ್‌ಎಕ್ಸ್ 100 ಬೈಕಿನಿಂದ ಮನೆಮಾತಾದ ಅದೇ ಯಮಹಾ. ಬೈಕಿನ ಟ್ಯಾಂಕಿನ ಮೇಲಿನ ಲಾಂಛನವನ್ನು ದಿಟ್ಟಿಸಿ ನೋಡಿದವರಿಗೆ ಗೊತ್ತಿರಬಹುದು, ಅದರಲ್ಲಿರುವುದು ಶ್ರುತಿ ಹಿಡಿಯುವ ಮೂರು ಕವಲುಕಡ್ಡಿಗಳು. 1887ರಲ್ಲಿ ಹಮಾಮತ್ಸು ಪಟ್ಟಣದ ಶಾಲೆಯೊಂದರ ಕೆಟ್ಟುಹೋದ ಆರ್ಗನ್ ರಿಪೇರಿ ಮಾಡಿದ ಯಮಹಾ ತೊರಾಕುಸು ಎಂಬಾತ ಕಟ್ಟಿದ ಸಂಸ್ಥೆ ಅದು. ಪಿಯಾನೊ, ಗಿಟಾರ್ ಮಾರಬೇಕಾದರೆ ನುಡಿಸುವವರೂ ಬೇಕಲ್ಲ! 1969ರಿಂದ 1986ರವರೆಗೆ ಈ ಸ್ಪರ್ಧೆ ಊರೂರುಗಳಿಂದ ಹೊಸ ಹಾಡುಗಾರರನ್ನು ಹೆಕ್ಕಿ ತಂದಿತು. ನಕಾಜಿಮಾಳ ಆಲ್ಬಂಗಳಲ್ಲಿ ಯಮಹಾ ಮುಖ್ಯಸ್ಥ ಕವಾಕಾಮಿ ಗೆನಿಚಿ ಅವರ ಹೆಸರಿನ ಮುಂದೆ ‘ಡ್ಯಾಡ್’ ಎಂದು ಅಚ್ಚಾಗಿರುತ್ತದೆ.

ಆ ವರ್ಷದ ಸೆಪ್ಟೆಂಬರಿನಲ್ಲಿ ಮೊದಲ ಧ್ವನಿಮುದ್ರಿಕೆ ಬಂತು. ಅದೇ ತಿಂಗಳು ತಂದೆ ಮಿದುಳಿನ ರಕ್ತಸ್ರಾವದಿಂದ ಕುಸಿದರು. ಅಕ್ಟೋಬರಿನಲ್ಲಿ ಪಾಪ್‌ಕಾನ್ ವೇದಿಕೆಯಲ್ಲಿ ಆಕೆ ಹಾಡಿದ್ದು ‘ಜಿದಾಯ್’, ಎಂದರೆ ‘ಕಾಲ’. ಅಗ್ರಪ್ರಶಸ್ತಿ ಬಂತು. ನವೆಂಬರಿನಲ್ಲಿ ಟೋಕಿಯೊದ ಬುದೋಕಾನ್ ಸಭಾಂಗಣದ ವಿಶ್ವ ಜನಪ್ರಿಯ ಗೀತೋತ್ಸವದಲ್ಲೂ ಅದೇ ಹಾಡಿಗೆ ಅಗ್ರಪ್ರಶಸ್ತಿ. ಜನವರಿಯಲ್ಲಿ ತಂದೆ ತೀರಿಕೊಂಡರು. ಹಾಡಿಗೂ ಈ ಸಾವಿಗೂ ಗಂಟು ಹಾಕುವವರಿದ್ದಾರೆ. ಇಂದಿನ ದುಃಖವನ್ನು ಮುಂದೊಂದು ದಿನ ನಗುತ್ತ ನೆನೆಯುವ ಕಾಲ ಬಂದೀತು, ಚಕ್ರ ತಿರುಗುತ್ತಲೇ ಇರುತ್ತದೆ, ಅಗಲಿದವರು ಮರುಹುಟ್ಟು ಪಡೆದು ಮತ್ತೆ ಸಂಧಿಸುತ್ತಾರೆ ಎಂಬುದು ಅದರ ಭಾವ. ಕಾಲಚಕ್ರ, ಪುನರ್ಜನ್ಮದ ಮಾತು ನಮಗೆ ಹೊಸದೇನಲ್ಲ. 23ರ ಹುಡುಗಿಯೊಬ್ಬಳು ಅದನ್ನು ಉಪದೇಶದ ಧಾಟಿಯಿಲ್ಲದೆ ಹಾಡಿದ್ದು ಹೊಸದು. 2007ರಲ್ಲಿ ಜಪಾನಿನ ಸಂಸ್ಕೃತಿ ಇಲಾಖೆ ಮುಂದಿನ ತಲೆಮಾರಿಗೆ ದಾಟಿಸಬೇಕಾದ ಹಾಡುಗಳ ಪಟ್ಟಿ ಮಾಡಿದಾಗ, ಶಾಲಾಗೀತೆ, ಜೋಗುಳಗಳ ಜತೆ ‘ಜಿದಾಯ್’ ಕೂಡ ಸೇರಿತು.

ಅಳುವ ಹೆಣ್ಣು, ನಗುವ ಹೆಣ್ಣು

1977ರ ‘ವಕಾರೆಉತಾ’ (ಅಗಲಿಕೆಯ ಹಾಡು) ಮೊದಲ ಸ್ಥಾನಕ್ಕೇರಿತು. ಅಲ್ಲಿಂದ ನಕಾಜಿಮಾ ಎಂದರೆ ಕೈಬಿಟ್ಟ ಪ್ರೇಮದ, ಕತ್ತಲ ಹಾಡುಗಳ ಗಾಯಕಿ ಎಂಬ ಬಿರುದು ಅಂಟಿಕೊಂಡಿತು. 1980ರ ಆಲ್ಬಂ ಒಂದರ ಹೆಸರೇ ‘ನಾನು ಬದುಕಿರಬಹುದೇ’ ಎಂಬ ಅರ್ಥದ್ದು. ಅದರ ಹೊದಿಕೆ ಪೂರ್ತಿ ಕಪ್ಪು. ಮೊದಲ ಹಾಡಿನಲ್ಲಿ ಆಕೆ ಬಿಕ್ಕುತ್ತಲೇ ಹಾಡುತ್ತಾಳೆ, ಮೋಸ ಮಾಡಿದವನ ಮೇಲೆ ಸಾಯುವತನಕ ಹಗೆ ಇಟ್ಟುಕೊಳ್ಳುತ್ತೇನೆ ಎಂದು. ಕೇಳಲು ಗಟ್ಟಿ ಗುಂಡಿಗೆ ಬೇಕು.

ಇಲ್ಲೊಂದು ಮಾತು ಹೇಳಬೇಕು. ಜಪಾನಿನ ‘ಎಂಕಾ’ ಹಾಡುಗಳಲ್ಲಿ ಕೈಬಿಟ್ಟ ಹೆಣ್ಣಿನ ಗೋಳು ಮೊದಲಿನಿಂದಲೂ ಇತ್ತು. ಬಂದರಿನಲ್ಲಿ ಕಾಯುವವಳು, ಸಾಕೆ ಕುಡಿದು ಮರೆಯುವವಳು, ಸಹಿಸಿಕೊಂಡು ಹೋಗುವವಳು. ಆದರೆ ಆ ಹಾಡುಗಳನ್ನು ಬರೆದವರು ಬಹುಪಾಲು ಗಂಡಸರು. ಅವರ ಹೆಣ್ಣು ಎಷ್ಟು ಅತ್ತರೂ ಕೊನೆಗೆ ಕ್ಷಮಿಸುತ್ತಾಳೆ. ನಕಾಜಿಮಾಳ ಹೆಣ್ಣು ಕ್ಷಮಿಸಲೇಬೇಕೆಂದಿಲ್ಲ. ಅಥವಾ 1981ರಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿದ ‘ಅಕುಜೊ’ (ಕೆಟ್ಟ ಹೆಣ್ಣು) ಹಾಡಿನಂತೆ, ಬೇರೊಬ್ಬಳನ್ನು ಮೆಚ್ಚಿದವನು ತಪ್ಪಿತಸ್ಥ ಭಾವವಿಲ್ಲದೆ ಬಿಟ್ಟುಹೋಗಲಿ ಎಂದು ತಾನೇ ಕೆಟ್ಟವಳ ವೇಷ ಹಾಕುತ್ತಾಳೆ. ಆಯ್ಕೆ ಅವಳದು. ಆಕೆಯನ್ನು ‘ಅಳುಮುಂಜಿ’ ಎಂದು ತಳ್ಳಿಹಾಕಿದವರು ಈ ವ್ಯತ್ಯಾಸವನ್ನು ಗಮನಿಸಲಿಲ್ಲ ಎಂದೇ ನನ್ನ ಭಾವನೆ.

ತಮಾಷೆಯೆಂದರೆ, ಇದೇ ಹೆಂಗಸು 1979ರ ಏಪ್ರಿಲ್‌ನಿಂದ 1987ರ ಮಾರ್ಚ್‌ವರೆಗೆ ‘ಆಲ್ ನೈಟ್ ನಿಪ್ಪಾನ್’ ಎಂಬ ನಡುರಾತ್ರಿಯ ರೇಡಿಯೊ ಕಾರ್ಯಕ್ರಮ ನಡೆಸುತ್ತಿದ್ದಳು. ಹಾಡಿನಲ್ಲಿ ಪ್ರಾಣ ಹೋಗುವಂತೆ ಅಳುವವಳು ರೇಡಿಯೊದಲ್ಲಿ ಗಹಗಹಿಸಿ ನಗುತ್ತ, ಕೀಟಲೆ ಮಾಡುತ್ತ ಹರಟುವುದನ್ನು ಕೇಳಿ ಜನ ದಂಗಾದರು. ಪರೀಕ್ಷೆಗೆ ಓದುವ ಹುಡುಗರು, ರಾತ್ರಿ ಪಾಳಿಯವರು, ಟ್ಯಾಕ್ಸಿ ಚಾಲಕರು ಕೇಳುತ್ತಿದ್ದ ಹೊತ್ತು ಅದು. ಕಾರ್ಯಕ್ರಮದ ಕೊನೆಯಲ್ಲಿ ಮಾತ್ರ ದನಿ ತಗ್ಗಿಸಿ ಗಂಭೀರವಾದ ಒಂದು ಪತ್ರ ಓದುತ್ತಿದ್ದಳು.

ಅಂಥ ಪತ್ರವೊಂದರಿಂದ ಹುಟ್ಟಿದ್ದು ಎಂದು ಜನ ನಂಬಿರುವ ಹಾಡು 1983ರ ‘ಫೈಟ್!’. ಮಾಧ್ಯಮಿಕ ಶಾಲೆಯಷ್ಟೇ ಓದಿದ ಹುಡುಗಿಗೆ ಕೆಲಸ ಸಿಗದ ಸಂಕಟದಿಂದ ಅದು ಶುರುವಾಗುತ್ತದೆ. ಇದರ ಹಿಂದಿನ ಕಾಲವನ್ನು ತಿಳಿಯದಿದ್ದರೆ ಹಾಡಿನ ಉರಿ ತಟ್ಟುವುದಿಲ್ಲ. 1950-60ರ ದಶಕಗಳಲ್ಲಿ ಮಾಧ್ಯಮಿಕ ಶಾಲೆ ಮುಗಿಸಿದ 15ರ ಹುಡುಗ ಹುಡುಗಿಯರನ್ನು ಹಳ್ಳಿಗಳಿಂದ ವಿಶೇಷ ರೈಲುಗಳಲ್ಲಿ ತುಂಬಿ ಟೋಕಿಯೊದ ಕಾರ್ಖಾನೆ, ಅಂಗಡಿಗಳಿಗೆ ಕಳಿಸುತ್ತಿದ್ದರು. ಅವರನ್ನು ‘ಚಿನ್ನದ ಮೊಟ್ಟೆಗಳು’ ಎಂದು ಕರೆಯುತ್ತಿದ್ದರು. ಜಪಾನಿನ ಆರ್ಥಿಕ ಪವಾಡದಲ್ಲಿ ಈ ಮಕ್ಕಳ ಬೆವರಿನ ಪಾಲು ಸಣ್ಣದಲ್ಲ. 1970ರ ದಶಕದ ನಡುವಿನ ಹೊತ್ತಿಗೆ 100ಕ್ಕೆ 90ಕ್ಕೂ ಹೆಚ್ಚು ಮಕ್ಕಳು ಪ್ರೌಢಶಾಲೆ ಸೇರತೊಡಗಿದರು. ಆಗ ಮಾಧ್ಯಮಿಕಕ್ಕೇ ನಿಂತವರು ಚಿನ್ನದ ಮೊಟ್ಟೆಗಳಾಗಿ ಉಳಿಯಲಿಲ್ಲ, ಯಾರಿಗೂ ಬೇಡವಾದರು. ಹಾಡಿನ ಇನ್ನೊಂದು ಭಾಗ ಹಳ್ಳಿಯ ಆಡುಮಾತಿನಲ್ಲಿದೆ. ಊರು ಬಿಡಲು ಹೊರಟವರನ್ನು ಊರೇ ಬೆದರಿಸಿ ತಡೆದು, ಟೋಕಿಯೊಗೆ ತೆಗೆದ ರೈಲು ಟಿಕೆಟ್ ಬಳಕೆಯಾಗದೆ ಉಳಿಯುತ್ತದೆ. ಮೈಗೆ ಗಾಯ ಮಾಡಿಕೊಂಡು ಪ್ರವಾಹದ ಎದುರು ಈಜುವ ಸಣ್ಣ ಮೀನುಗಳ ಚಿತ್ರವೂ ಬರುತ್ತದೆ. ಜಪಾನ್ ಹಣದ ಅಮಲಿನಲ್ಲಿದ್ದ ಕಾಲದಲ್ಲಿ, ಅದರ ಲೆಕ್ಕಕ್ಕೇ ಸಿಗದವರ ಬಗ್ಗೆ ಬಂದ ಹಾಡು ಇದು.

ಸುರಂಗದೊಳಗಿನ ನೀರು

1994ರಲ್ಲಿ ‘ಮನೆಯಿಲ್ಲದ ಮಗು’ ಎಂಬ ಟಿ.ವಿ. ಧಾರಾವಾಹಿಗೆ ಬರೆದ ಶೀರ್ಷಿಕೆ ಗೀತೆಯನ್ನು ಆಕೆ ಕಥಾನಾಯಕಿಯ ನಾಯಿಯ ಕಣ್ಣಿನಿಂದ ಬರೆದಳು. ಕೇಳುವವರು ಅದನ್ನು ಪ್ರೇಮಗೀತೆ ಎಂದೇ ಕೊಂಡರು, ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಹೀಗೆ 70, 80, 90ರ ದಶಕಗಳಲ್ಲಿ ತಲಾ ಒಮ್ಮೆಯಾದರೂ ಮೊದಲ ಸ್ಥಾನಕ್ಕೇರಿದವಳಿಗೆ ನಾಲ್ಕನೆಯ ದಶಕವನ್ನು ಕೂಡಿಸಿಕೊಟ್ಟಿದ್ದು ‘ಚಿಜೋ ನೊ ಹೋಶಿ’. ಒಬ್ಬಂಟಿ ಕಲಾವಿದರಲ್ಲಿ ಅಲ್ಲಿಯವರೆಗೆ ಯಾರೂ ಈ ಸಾಧನೆ ಮಾಡಿರಲಿಲ್ಲ.

ಈ ಹಾಡು ಹುಟ್ಟಿದ್ದು ಎನ್‌ಎಚ್‌ಕೆಯ ‘ಪ್ರಾಜೆಕ್ಟ್ ಎಕ್ಸ್’ ಸಾಕ್ಷ್ಯಚಿತ್ರ ಸರಣಿಗಾಗಿ. 2000ದ ಮಾರ್ಚ್‌ನಿಂದ 2005ರ ಡಿಸೆಂಬರ್‌ವರೆಗೆ ಮಂಗಳವಾರ ರಾತ್ರಿ ಪ್ರಸಾರವಾದ ಈ ಸರಣಿಯ ನಾಯಕರು ಮಂತ್ರಿಗಳಲ್ಲ, ಉದ್ಯಮಪತಿಗಳಲ್ಲ. ಅಣೆಕಟ್ಟು, ಸುರಂಗ, ಯಂತ್ರಗಳ ಹಿಂದೆ ದುಡಿದು ಹೆಸರಿಲ್ಲದೆ ಹೋದ ಎಂಜಿನಿಯರುಗಳು, ಕೆಲಸಗಾರರು. ಎಲ್ಲರೂ ಆಕಾಶದ ನಕ್ಷತ್ರಗಳನ್ನೇ ನೋಡುತ್ತಾರೆ, ನೆಲದ ಮೇಲೆ ಇದ್ದ ನಕ್ಷತ್ರಗಳು ಎಲ್ಲಿ ಹೋದವು ಎಂದು ನಕಾಜಿಮಾ ಎತ್ತರದಲ್ಲಿ ಹಾರುವ ಅಂಬರಗುಬ್ಬಿಯನ್ನು ಕೇಳುತ್ತಾಳೆ. ಹಾಡಿನಲ್ಲಿ ಬರುವ ‘ಸುಬಾರು’ ನಮ್ಮ ಕೃತ್ತಿಕಾ ನಕ್ಷತ್ರಪುಂಜವೇ.

ಹಾಡು ಬಂದ ಕಾಲವನ್ನೂ ನೋಡಬೇಕು. 1990ರ ದಶಕದ ಆರಂಭದಲ್ಲಿ ಜಪಾನಿನ ಆರ್ಥಿಕ ಗುಳ್ಳೆ ಒಡೆದಿತ್ತು. 1997ರ ನವೆಂಬರಿನಲ್ಲಿ ನೂರು ವರ್ಷದ ಯಮಾಯಿಚಿ ಷೇರು ಸಂಸ್ಥೆಯೇ ಬಾಗಿಲು ಹಾಕಿತು. ಜೀವಮಾನವಿಡೀ ಒಂದೇ ಕಂಪೆನಿಯಲ್ಲಿ ನಿಷ್ಠೆಯಿಂದ ದುಡಿದರೆ ಕಂಪೆನಿ ಕೈಬಿಡುವುದಿಲ್ಲ ಎಂಬ ನಂಬಿಕೆ ಕುಸಿಯಿತು. 50 ದಾಟಿದ ನೌಕರರಿಗೆ ಮನೆಗೆ ಹೋಗಿ ಎಂದರು. 1998ರಿಂದ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಳ್ಳತೊಡಗಿದರು. ಸಾಮಾನ್ಯವಾಗಿ ಹದಿಹರೆಯದವರು ಕೊಳ್ಳುವ ಪಾಪ್ ಹಾಡಿನ ಸಿಡಿಯನ್ನು ಈ ಬಾರಿ ಟೈ ಕಟ್ಟಿದ ನಡುವಯಸ್ಸಿನವರು ಅಂಗಡಿಗೆ ಹೋಗಿ ಕೇಳಿ ಕೊಂಡರು. ಅವರು ಒಂದೇ ದಿನ ಮುಗಿಬೀಳಲಿಲ್ಲ, ವಾರಕ್ಕಿಷ್ಟು ಎಂದು ಬಂದರು. 130 ವಾರಗಳ ಗುಟ್ಟು ಬಹುಶಃ ಇಷ್ಟೇ.

ಇನ್ನು ಆ ಸುರಂಗ. ಯುದ್ಧದ ನಂತರ ಒಸಾಕಾ ಸುತ್ತಲಿನ ಕಾರ್ಖಾನೆಗಳು ವಿದ್ಯುತ್ ಇಲ್ಲದೆ ನಿಂತಾಗ, ಕನ್ಸಾಯ್ ವಿದ್ಯುತ್ ಕಂಪೆನಿ ದುರ್ಗಮವಾದ ಕುರೊಬೆ ಕಣಿವೆಯಲ್ಲಿ ಅಣೆಕಟ್ಟು ಕಟ್ಟಲು 1956ರಲ್ಲಿ ಕೈಹಾಕಿತು. ಸಾಮಗ್ರಿ ಸಾಗಿಸಲು ಪರ್ವತವನ್ನೇ ಕೊರೆಯಬೇಕು. 1957ರಲ್ಲಿ ಕೊರೆಯುವವರಿಗೆ ಸಡಿಲ ಬಂಡೆಯ ಪದರವೊಂದು ಎದುರಾಗಿ, ಹಿಮದಷ್ಟು ತಣ್ಣಗಿನ ನೀರು ನುಗ್ಗಿಬಂತು. ಬರೀ 80 ಮೀಟರ್ ದಾಟಲು ಏಳು ತಿಂಗಳು! 1963ರಲ್ಲಿ ಮುಗಿದ 186 ಮೀಟರ್ ಎತ್ತರದ ಈ ಅಣೆಕಟ್ಟು ಜಪಾನಿನಲ್ಲೇ ಅತಿ ಎತ್ತರದ್ದು. ಸತ್ತವರು 171 ಮಂದಿ. ಅವರ ಹೆಸರುಗಳನ್ನು ಅಣೆಕಟ್ಟಿನ ಪಕ್ಕದ ಸ್ಮಾರಕದಲ್ಲಿ ಕೆತ್ತಿದ್ದಾರೆ. ಅದೇ ಕಣಿವೆಯಲ್ಲಿ ಯುದ್ಧಕ್ಕೆ ಮುಂಚೆ, 1936ರಿಂದ 1940ರ ನಡುವೆ ನಡೆದ ಮತ್ತೊಂದು ವಿದ್ಯುತ್ ಯೋಜನೆಯಲ್ಲಿ ಸತ್ತವರು 300ಕ್ಕೂ ಹೆಚ್ಚು. ಅಲ್ಲಿ ಕೆಲಸ ಮಾಡಿದವರಲ್ಲಿ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯದ ಕೂಲಿಗಳು ಬಹಳಷ್ಟಿದ್ದರು. 1963ರ ವಿಜಯದ ಕತೆಯಲ್ಲಿ ಅವರ ನೆನಪು ಅಷ್ಟಾಗಿ ಬರುವುದಿಲ್ಲ.

‘ಪ್ರಾಜೆಕ್ಟ್ ಎಕ್ಸ್’ ಕೂಡ ಟೀಕೆಗೆ ಹೊರತಾಗಿರಲಿಲ್ಲ. ಅದು ಗಂಡಸರ ಸಾಹಸಗಾಥೆ, ಹೆಂಗಸರು ಅಲ್ಲಿ ಕಾಯುವ ಹೆಂಡತಿಯರು ಮಾತ್ರ ಎಂದರು ಕೆಲವರು. 2005ರಲ್ಲಿ ಶಾಲೆಯೊಂದರ ಕತೆಯನ್ನು ಉತ್ಪ್ರೇಕ್ಷಿಸಿದ್ದಕ್ಕೆ ಎನ್‌ಎಚ್‌ಕೆ ಕ್ಷಮೆಯನ್ನೂ ಕೇಳಬೇಕಾಯಿತು. ಹಾಡು ಮಾತ್ರ ಯಾರ ಹೆಸರನ್ನೂ ಹೇಳುವುದಿಲ್ಲ, ಯಾವ ವಿಜಯವನ್ನೂ ಸಾರುವುದಿಲ್ಲ. ಹಾಗಾಗಿಯೇ ಅದನ್ನು ಕೊರಿಯದ ಕೂಲಿಗೂ ಹಾಡಬಹುದು, ಸುರಂಗ ತೋಡಿದವನಿಗೆ ಬುತ್ತಿ ಕಟ್ಟಿದವಳಿಗೂ ಹಾಡಬಹುದು.

ಹಾಸು, ಹೊಕ್ಕು

ಇಂದು ಜಪಾನಿನ ಮದುವೆ ಮನೆಗಳಲ್ಲಿ ನಕಾಜಿಮಾಳ ‘ಇತೊ’ ಕೇಳಿಬರುತ್ತದೆ. ‘ಇತೊ’ ಎಂದರೆ ನೂಲು. 1992ರಲ್ಲಿ, ಮುಂದೆ ತೆನ್ರಿಕ್ಯೋ ಪಂಥದ ಮುಖ್ಯಸ್ಥರಾದವರ ಮದುವೆಗೆಂದು ಬರೆದದ್ದು. ಮೊದಲು ಆಲ್ಬಂನ ಕೊನೆಯಲ್ಲಿ ಸದ್ದಿಲ್ಲದೆ ಕೂತಿತ್ತು. 2004ರಲ್ಲಿ ‘ಬ್ಯಾಂಕ್ ಬ್ಯಾಂಡ್’ ಎಂಬ ತಂಡ ಹಾಡಿದ ಮೇಲೆ ಒಬ್ಬರಿಂದೊಬ್ಬರಿಗೆ ಹರಡಿ, 2020ರಲ್ಲಿ ಇದೇ ಹೆಸರಿನ ಚಲನಚಿತ್ರವೂ ಬಂತು. ಒಬ್ಬರು ಉದ್ದದ ನೂಲು, ಇನ್ನೊಬ್ಬರು ಅಡ್ಡ ನೂಲು, ಇಬ್ಬರೂ ಸೇರಿ ನೇಯ್ದ ಬಟ್ಟೆ ಮತ್ತಾರನ್ನೋ ಬೆಚ್ಚಗಿಡಬಹುದು ಎಂಬ ಕಲ್ಪನೆ. ಕನ್ನಡದಲ್ಲಿ ಇದನ್ನು ವಿವರಿಸಲು ಕಷ್ಟಪಡಬೇಕಿಲ್ಲ. ‘ಹಾಸುಹೊಕ್ಕು’ ಎಂಬ ನೇಕಾರರ ಮಾತನ್ನು ನಾವು ದಿನವೂ ಆಡುತ್ತೇವೆ.

ಜಪಾನಿನಾಚೆಗೂ ಆಕೆಯ ರಾಗಗಳು ಹೋಗಿವೆ, ಆಕೆಯ ಹೆಸರಿಲ್ಲದೆ. 1983ರಲ್ಲಿ ತೈವಾನಿನ ತೆರೆಸಾ ತೆಂಗ್ ಕ್ಯಾಂಟನೀಸ್ ಭಾಷೆಯಲ್ಲಿ ಹಾಡಿದ ಜನಪ್ರಿಯ ಗೀತೆಯೊಂದರ ರಾಗ ನಕಾಜಿಮಾಳದು. 1977ರಲ್ಲಿ ಚಿಯಾಕಿ ನವೋಮಿ ಎಂಬ ಗಾಯಕಿಗಾಗಿ ಕಟ್ಟಿದ ‘ರೂಜ್’ ಎಂಬ ಹಾಡು 1992ರಲ್ಲಿ ಹಾಂಕಾಂಗಿನ ಫೇ ವಾಂಗ್ ಕಂಠದಲ್ಲಿ ಬೇರೆಯೇ ಸಾಹಿತ್ಯದೊಂದಿಗೆ ಮನೆಮಾತಾಗಿ, ಅಲ್ಲಿಂದ ವಿಯೆಟ್ನಾಂ, ಥಾಯ್ಲೆಂಡಿಗೂ ದಾಟಿತು. ಅಲ್ಲಿ ಗುನುಗುವ ಎಷ್ಟೋ ಜನರಿಗೆ ಅದು ಹೊಕ್ಕೈಡೊದ ಹಿಮದಿಂದ ಬಂದ ರಾಗ ಎಂಬುದು ಗೊತ್ತಿಲ್ಲ.

2009ರಲ್ಲಿ ಜಪಾನ್ ಸರ್ಕಾರ ಆಕೆಗೆ ನೇರಳೆ ಪಟ್ಟಿಯ ಪದಕ ನೀಡಿತು. 1989ರಿಂದ ‘ಯಕಾಯ್’ ಎಂಬ ಹೆಸರಿನಲ್ಲಿ ತಾನೇ ಬರೆದು, ನಿರ್ದೇಶಿಸಿ, ನಟಿಸುವ ಸಂಗೀತ ನಾಟಕಗಳನ್ನೂ ಆಕೆ ರಂಗಕ್ಕೆ ತಂದಳು. ಊರೂರು ಸುತ್ತುವ ಕೊನೆಯ ಪ್ರವಾಸವೆಂದು ಘೋಷಿಸಿ 2020ರ ಜನವರಿಯಲ್ಲಿ ಹೊರಟ ಕಛೇರಿ ಸರಣಿ ಮುಂದಿನ ತಿಂಗಳೇ ಕೊರೊನಾದಿಂದ ಅರ್ಧಕ್ಕೆ ನಿಂತುಹೋಯಿತು. ನಾಲ್ಕು ವರ್ಷದ ನಂತರ, 2024ರಲ್ಲಿ, ಟೋಕಿಯೊ ಮತ್ತು ಒಸಾಕಾದಲ್ಲಿ ಆಕೆ ಮತ್ತೆ ವೇದಿಕೆ ಹತ್ತಿದಳು. ಆ ಏಪ್ರಿಲ್‌ನಲ್ಲಿ ಎನ್‌ಎಚ್‌ಕೆ ‘ಹೊಸ ಪ್ರಾಜೆಕ್ಟ್ ಎಕ್ಸ್’ ಆರಂಭಿಸಿತು. ಶೀರ್ಷಿಕೆ ಗೀತೆಗೆ ಬೇರೆಯವರನ್ನು ಹುಡುಕುವ ಗೊಡವೆಗೆ ಹೋಗಲಿಲ್ಲ. 72ರ ನಕಾಜಿಮಾ ಅದೇ ಹಾಡನ್ನು ಹೊಸದಾಗಿ ಹಾಡಿಕೊಟ್ಟಳು.